ಏಳು ಮಿಲಿಮೀಟರ್ ಕೋಡಿ

ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲ, 80 ಸೆಂಟಿಮೀಟರ್ ಆಳದ ಗಾಜಿನ ತೊಟ್ಟಿಯೊಂದನ್ನು ಊಹಿಸಿಕೊಳ್ಳಿ. ಒಳಗೆ ಸಮುದ್ರದ ಉಪ್ಪುನೀರು, ಕಲ್ಲು, ಜೀವಂತ ಹವಳ, ಮೀನು. ಕಲ್ಲು ಮರಳು ಆಕ್ರಮಿಸುವ ಜಾಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನೀರು 2,400 ಲೀಟರ್. ಉಪ್ಪುನೀರಿನ ತೂಕ ಎರಡೂವರೆ ಟನ್ನಿಗೆ ಹತ್ತಿರ. ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಮನೆಯಲ್ಲೇ ಹವಳ ಬೆಳೆಸುವ ಹವ್ಯಾಸಿಗಳಿದ್ದಾರೆ. ಅವರ ಲೋಕದಲ್ಲಿ ಇದು ದೊಡ್ಡ ತೊಟ್ಟಿ, ಆದರೆ ಅಪರೂಪದ್ದೇನಲ್ಲ.

ತೊಟ್ಟಿಯ ಹಿಂಗೋಡೆಗೆ ಅಂಟಿಕೊಂಡು, ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಗಾಜಿನ ಪೆಟ್ಟಿಗೆ ಇರುತ್ತದೆ. ಓವರ್‌ಫ್ಲೋ ಬಾಕ್ಸ್ ಅನ್ನುತ್ತಾರೆ. ನಮ್ಮ ಕೆರೆಗಳ ಮಾತಿನಲ್ಲಿ ಹೇಳುವುದಾದರೆ ಇದೇ ಕೋಡಿ. ತೊಟ್ಟಿಯ ನೀರು ಪೆಟ್ಟಿಗೆಯ ಅಂಚು ದಾಟಿ ಒಳಗೆ ಬೀಳುತ್ತದೆ, ಪೈಪಿನಲ್ಲಿ ಇಳಿದು ಕೆಳಗಿನ ಸಂಪು ಸೇರುತ್ತದೆ, ಅಲ್ಲಿ ಶುದ್ಧಿಯಾಗುತ್ತದೆ, ಪಂಪಿನ ಬಲದಿಂದ ಮತ್ತೆ ಮೇಲೇರುತ್ತದೆ. ಇಡೀ ನೀರು ಗಂಟೆಗೆ ಐದು ಸಲ ಹೀಗೆ ಸುತ್ತಲಿ ಅಂದುಕೊಳ್ಳೋಣ; ಹವ್ಯಾಸಿಗಳಲ್ಲಿ ಇದು ಸಾಮಾನ್ಯ ವೇಗ. ಆಗ ಗಂಟೆಗೆ 12,000 ಲೀಟರ್ ಆ ಅಂಚನ್ನು ದಾಟಬೇಕು. ಸೆಕೆಂಡಿಗೆ ಮೂರು ಲೀಟರ್ ಚಿಲ್ಲರೆ. ಕೇಳಲು ಸಣ್ಣ ಸಂಖ್ಯೆ. ಆದರೆ ಈ ಕೋಡಿಗೆ ಹಗಲಿಲ್ಲ, ರಾತ್ರಿಯಿಲ್ಲ, ಬೇಸಿಗೆಯಿಲ್ಲ. ದಿನಕ್ಕೆ 2,88,000 ಲೀಟರ್. ವರ್ಷಕ್ಕೆ ಹತ್ತೂವರೆ ಕೋಟಿ ಲೀಟರ್. ಅದೇ 2,400 ಲೀಟರ್ ನೀರು ವರ್ಷದಲ್ಲಿ 43,800 ಸಲ ಅದೇ ಅಂಚನ್ನು ದಾಟಿರುತ್ತದೆ. ಒಂದು ಲಕ್ಷ ಟನ್ನಿಗೂ ಮೀರಿದ ತೂಕವನ್ನು ಆ ಪುಟ್ಟ ಪಂಪು ಆಳೆತ್ತರಕ್ಕೆ ಎತ್ತಿರುತ್ತದೆ.

ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಕಾಣುವ ಟಿಎಂಸಿಯಲ್ಲೇ ಇದನ್ನು ಅಳೆಯಬಹುದು. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್. ಅಷ್ಟು ನೀರು ಈ ಗಾಜಿನ ಅಂಚು ದಾಟಲು 269 ವರ್ಷ ಬೇಕು. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದ ಸಾಮರ್ಥ್ಯ 30 ಟಿಎಂಸಿ. ಅದಕ್ಕೆ ಎಂಟು ಸಾವಿರ ವರ್ಷ. ಆದರೆ ಇನ್ನೊಂದು ಕಡೆಯಿಂದ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ ಆ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಬಿದ್ದದ್ದು 89 ವರ್ಷ ಕಳೆದು, 2022ರಲ್ಲಿ. ಅಲ್ಲಿ ಕೋಡಿ ಹರಿದರೆ ಸುದ್ದಿ, ಜನ ಜಾತ್ರೆಗೆ ಬಂದಂತೆ ಬಂದು ನೋಡುತ್ತಾರೆ. ಹವಳದ ತೊಟ್ಟಿಯಲ್ಲಿ ಕೋಡಿ ನಿಂತರೆ ಸುದ್ದಿ. ನೀರಿನ ಚಲನೆ ಪೂರ್ತಿ ನಿಂತುಹೋಗಿ ಗಂಟೆಗಳು ಕಳೆದರೆ ಆಮ್ಲಜನಕ ಇಳಿಯುತ್ತದೆ, ಮೊದಲು ಮೀನುಗಳು ಏದುಸಿರು ಬಿಡುತ್ತವೆ, ಆಮೇಲೆ ವರ್ಷಗಟ್ಟಲೆ ಬೆಳೆಸಿದ ಹವಳ ಬಿಳಿಚಿಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ ಇದೆ, ಹುಲಿ ಆನೆಗಳಿಗೆ ಇರುವ ಹಾಗೆಯೇ. ಸಮುದ್ರದಿಂದ ಕಿತ್ತು ತರುವಂತಿಲ್ಲ; ಅದು ಸರಿಯೇ. ಆದ್ದರಿಂದ ಈ ವಿದ್ಯೆ ಬೆಳೆದದ್ದು ಬೇರೆ ದೇಶಗಳ ಮನೆಗಳಲ್ಲಿ. ಆದರೆ ಅದರ ಹಿಂದಿರುವ ಲೆಕ್ಕ ಕೆರೆ ಕಟ್ಟಿದ ನಾಡಿಗೆ ಹೊಸದಲ್ಲ.

ನೀರನ್ನು ಮೇಲಿನಿಂದಲೇ ಏಕೆ ಇಳಿಸಬೇಕು? ತಳದಲ್ಲಿ ಒಂದು ತೂತು ಕೊರೆದು ಪೈಪ್ ಹಾಕಿದರೆ ಆಗದೆ? ಕಾರಣ ಎರಡು. ತಳದ ತೂತು ಇದ್ದರೆ ಕರೆಂಟು ಹೋದ ಮರುಗಳಿಗೆ ತೊಟ್ಟಿಯ ನೀರೆಲ್ಲ ಕೆಳಗೆ. ಎರಡನೆಯ ಕಾರಣ ಇನ್ನೂ ಸೊಗಸಾದದ್ದು. ಉಪ್ಪುನೀರಿನ ಮೇಲ್ಮೈ ಉಳಿದ ನೀರಿನಂತಲ್ಲ. ಮೀನಿನ ಲೋಳೆ, ಆಹಾರದ ಜಿಡ್ಡು, ಹವಳ ಬಿಡುವ ಅಂಟು, ಇವೆಲ್ಲದರಲ್ಲಿರುವ ಕೊಬ್ಬು ಮತ್ತು ಪ್ರೋಟೀನು ತೇಲಿಬಂದು ಒಂದು ಮಿಲಿಮೀಟರಿಗೂ ತೆಳುವಾದ ಮೇಲ್ಪದರದಲ್ಲಿ ಒತ್ತಾಗಿ ಸೇರುತ್ತವೆ. ಹೊರಗಿನ ಸಮುದ್ರದಲ್ಲೂ ಹೀಗೆಯೇ. ಅಲ್ಲಿ ಅಲೆ ಅದನ್ನು ಒಡೆದು ನೊರೆಯಾಗಿಸಿ ದಡಕ್ಕೆ ಎಸೆಯುತ್ತದೆ. ಮುಚ್ಚಿದ ಕೋಣೆಯೊಳಗಿನ ತೊಟ್ಟಿಯಲ್ಲಿ ಎಸೆಯುವವರಿಲ್ಲ. ಕೋಡಿಯೇ ಆ ಕೆಲಸ ಮಾಡಬೇಕು. ಕೆನೆಯನ್ನು ಮಾತ್ರ ತೆಗೆದು ಕೆಳಗೆ ಕಳಿಸಬೇಕು.

ಕೆಳಗೆ ಸಂಪಿನಲ್ಲಿ ಪ್ರೋಟೀನ್ ಸ್ಕಿಮ್ಮರ್ ಕಾದಿರುತ್ತದೆ. ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆದು ನೀರಿನಲ್ಲಿ ಏರಿಸುವ ಕೊಳವೆ ಅದು. ಜಿಡ್ಡು ಗುಳ್ಳೆಯ ಮೈಗೆ ಅಂಟಿ ನೊರೆಯಾಗಿ ಹೊರಬರುತ್ತದೆ. ಒಂದು ಲೀಟರ್ ಗಾಳಿಯನ್ನು ಅರ್ಧ ಮಿಲಿಮೀಟರ್ ಅಡ್ಡಳತೆಯ ಗುಳ್ಳೆಗಳಾಗಿ ಒಡೆದರೆ ಸುಮಾರು ಒಂದೂವರೆ ಕೋಟಿ ಗುಳ್ಳೆಗಳಾಗುತ್ತವೆ. ಅವುಗಳ ಮೈಯನ್ನೆಲ್ಲ ಕೂಡಿಸಿದರೆ 12 ಚದರ ಮೀಟರ್. ನಮ್ಮ ತೊಟ್ಟಿಯ ಮೇಲ್ಮೈ ಬರೀ ಮೂರು ಚದರ ಮೀಟರ್. ಒಂದು ಲೀಟರ್ ಗಾಳಿಯಿಂದ ತೊಟ್ಟಿಯ ಮೇಲ್ಮೈಯ ನಾಲ್ಕು ಪಟ್ಟು! ಇಷ್ಟು ದೊಡ್ಡ ತೊಟ್ಟಿಯ ಸ್ಕಿಮ್ಮರ್ ನಿಮಿಷಕ್ಕೆ ಹತ್ತಾರು ಲೀಟರ್ ಗಾಳಿ ಎಳೆಯುತ್ತದೆ. ಆದರೆ ಮೇಲಿನ ಕೋಡಿ ಕೆನೆಯ ಬದಲು ನಡುನೀರನ್ನು ಕಳಿಸಿದರೆ ಈ ಕೋಟಿ ಗುಳ್ಳೆಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹಾಗಾಗಿ ಕೋಡಿಯ ಮೇಲೆ ಹರಿಯುವ ನೀರು ಎಷ್ಟು ತೆಳುವಾಗಿದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಇದಕ್ಕೆ ಉತ್ತರ ಸಿಕ್ಕಿದ್ದು ಬಟ್ಟೆ ಗಿರಣಿಗಳ ಊರಿನಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ಗಿರಣಿಗಳೆಲ್ಲ ಮೆರಿಮ್ಯಾಕ್ ನದಿಯ ನೀರಿನ ಬಲದಿಂದ ಓಡುತ್ತಿದ್ದವು. ಕಾಲುವೆಗಳ ಒಡೆತನ ಒಂದು ಕಂಪನಿಯದು. ಯಾವ ಗಿರಣಿ ಎಷ್ಟು ನೀರು ಬಳಸಿತು ಎಂಬುದು ದುಡ್ಡಿನ ವಿಷಯ. ಆ ಕಂಪನಿಯ ಎಂಜಿನಿಯರ್ ಜೇಮ್ಸ್ ಫ್ರಾನ್ಸಿಸ್, ಇಂದಿಗೂ ಜಲವಿದ್ಯುತ್ ಕೇಂದ್ರಗಳಲ್ಲಿ ತಿರುಗುವ ಫ್ರಾನ್ಸಿಸ್ ಟರ್ಬೈನಿಗೆ ಹೆಸರು ಕೊಟ್ಟವರು, ಕೋಡಿಯ ಮೇಲೆ ನೀರು ಹರಿಸಿ ಹರಿಸಿ ಅಳೆದರು. 1855ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೀಟರ್ ಲೆಕ್ಕದಲ್ಲಿ ಅವರ ಸೂತ್ರ ಇಷ್ಟೇ: ಅಂಚಿನ ಉದ್ದವನ್ನು ನೀರಿನ ಎತ್ತರದಿಂದ ಗುಣಿಸಿ, ಅದನ್ನು ಎತ್ತರದ ವರ್ಗಮೂಲದಿಂದ ಗುಣಿಸಿ, ಕೊನೆಗೆ 1.84ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಹರಿಯುತ್ತದೆ ಎಂಬುದು ಸಿಗುತ್ತದೆ. ಅಂಚಿನ ಎರಡು ತುದಿಗಳಲ್ಲಿ ನೀರು ಸ್ವಲ್ಪ ಕುಗ್ಗುವುದಕ್ಕೆ ಒಂದು ಚಿಕ್ಕ ತಿದ್ದುಪಡಿ ಇದೆ. ನಮಗೆ ಅದು ಬೇಡ.

ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಒಂದು ಮೀಟರ್ ಉದ್ದದ ಅಂಚಿನ ಮೇಲೆ ಒಂದು ಸೆಂಟಿಮೀಟರ್ ನೀರು ಹರಿದರೆ ಗಂಟೆಗೆ ಸುಮಾರು 6,600 ಲೀಟರ್ ದಾಟುತ್ತದೆ. ಬೆರಳಿನ ದಪ್ಪವೂ ಇಲ್ಲದ ನೀರಿನ ಹಾಳೆಯಿಂದ ಒಂದು ಗಂಟೆಯಲ್ಲಿ ಒಂದು ಟ್ಯಾಂಕರ್ ತುಂಬುವಷ್ಟು!

ಈಗ ನಮ್ಮ ತೊಟ್ಟಿಗೆ ಬರೋಣ. ಮೂಲೆಯಲ್ಲೋ ನಡುವೆಯೋ ಇಡುವ ವಾಡಿಕೆಯ ಪೆಟ್ಟಿಗೆಯ ಅಂಚು 60 ಸೆಂಟಿಮೀಟರ್ ಇರಲಿ. 12,000 ಲೀಟರ್ ದಾಟಲು ನೀರು ಅಂಚಿನ ಮೇಲೆ 21 ಮಿಲಿಮೀಟರ್ ಏರಬೇಕು. ಆದರೆ ಮಾರುಕಟ್ಟೆಯ ಪೆಟ್ಟಿಗೆಗಳ ಅಂಚಿಗೆ ಬಾಚಣಿಗೆಯ ಹಾಗೆ ಹಲ್ಲು ಕೊರೆದಿರುತ್ತಾರೆ, ಮೀನು ಒಳಗೆ ಬೀಳದಿರಲೆಂದು. ಹಲ್ಲುಗಳು ಅರ್ಧ ಉದ್ದವನ್ನು ತಿಂದುಹಾಕಿದರೆ ನೀರಿಗೆ ಉಳಿಯುವುದು 30 ಸೆಂಟಿಮೀಟರ್ ದಾರಿ, ಆಗ ಮಟ್ಟ 33 ಮಿಲಿಮೀಟರಿಗೆ ಏರುತ್ತದೆ. ಅದೇ ಪೆಟ್ಟಿಗೆಯನ್ನು ತೊಟ್ಟಿಯ ಈ ತುದಿಯಿಂದ ಆ ತುದಿಯವರೆಗೆ, ಪೂರ್ತಿ ಮೂರು ಮೀಟರ್ ಚಾಚಿ, ಹಲ್ಲಿಲ್ಲದ ನಯವಾದ ಅಂಚು ಕೊಟ್ಟರೆ? ಏಳು ಮಿಲಿಮೀಟರ್. ಕೋಸ್ಟ್ ಟು ಕೋಸ್ಟ್ ಎಂದು ಇದನ್ನು ಕರೆಯುತ್ತಾರೆ. ಪಂಪು ಅದೇ, ಕರೆಂಟು ಬಿಲ್ಲು ಅದೇ, ನೀರು ಅದೇ. ಬದಲಾದದ್ದು ಗಾಜಿನ ಪಟ್ಟಿಯ ಉದ್ದ ಮಾತ್ರ. 33 ಇದ್ದದ್ದು ಏಳಕ್ಕೆ ಇಳಿಯಿತು. ಇಳಿದುಹೋಗುವ ನೀರಿನಲ್ಲಿ ಕೆನೆಯ ಪಾಲು ಅಷ್ಟೇ ಹೆಚ್ಚಿತು.

ಒಂದು ಮಾತು ಸೇರಿಸಲೇಬೇಕು. ಫ್ರಾನ್ಸಿಸ್ ಅಳೆದದ್ದು ಕಾಲುವೆಯ ನೀರನ್ನು. ಏಳೆಂಟು ಮಿಲಿಮೀಟರಿನಷ್ಟು ತೆಳುವಾದಾಗ ನೀರಿನ ಮೇಲ್ಮೈ ಎಳೆತ ಅಡ್ಡಬರುತ್ತದೆ, ಅಂಚಿಗೆ ನೀರು ಅಂಟಿಕೊಂಡು ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ. ಆದರೆ ಲೆಕ್ಕದ ದಿಕ್ಕು ತಪ್ಪುವುದಿಲ್ಲ.

ಹಲ್ಲಿನ ಅಂಚು ನನಗೆ ಒಪ್ಪಿಗೆಯಿಲ್ಲ. ಮೀನನ್ನು ತಡೆಯಲು ಪೆಟ್ಟಿಗೆಯ ಮೇಲೆ ಒಂದು ಬಲೆ ಹಾಸಿದರೆ ಸಾಕು, ಅದನ್ನು ತೆಗೆದು ತೊಳೆಯಬಹುದು. ಹಲ್ಲುಗಳ ಸಂದಿಯಲ್ಲಿ ಪಾಚಿ ಬೆಳೆಯುತ್ತದೆ, ಬಸವನಹುಳು ಬಂದು ಕೂರುತ್ತದೆ, ಮೊದಲೇ ಅರ್ಧವಾದ ದಾರಿ ಕಾಲು ಪಾಲಾಗುತ್ತದೆ. ಗಾಜು ಕೊರೆಯುವ ಶ್ರಮವೆಲ್ಲ ನೀರಿನ ದಾರಿಯನ್ನು ಕಿರಿದು ಮಾಡುವುದಕ್ಕೆ ಹೋಗುವುದು ಸಂಕಟದ ವಿಷಯ.

ತೊಟ್ಟಿ ದೊಡ್ಡದಾದಂತೆ ಈ ಲೆಕ್ಕ ಬೆರಗಿನದಾಗುತ್ತದೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಮೇಜಿನ ಮೇಲಿನ ತೊಟ್ಟಿ ಹಿಡಿಯುವುದು 54 ಲೀಟರ್. ಗಂಟೆಗೆ ಐದು ಸುತ್ತು, ಅಂಚಿನ ಮೇಲೆ ಒಂದು ಸೆಂಟಿಮೀಟರ್ ನೀರು ಎಂದಿಟ್ಟುಕೊಂಡರೆ ಅದಕ್ಕೆ ಬೇಕಾದ ಕೋಡಿ ಬರೀ ನಾಲ್ಕು ಸೆಂಟಿಮೀಟರ್. ನಮ್ಮ 2,400 ಲೀಟರಿನ ತೊಟ್ಟಿಗೆ 1.8 ಮೀಟರ್. ಈಗ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ಗೆ ಹೋಗೋಣ. ಗ್ರೇಟ್ ಬ್ಯಾರಿಯರ್ ರೀಫಿನ ಪಕ್ಕದ ಆ ಊರಿನಲ್ಲಿ 1987ರಲ್ಲಿ ತೆರೆದ ಅಕ್ವೇರಿಯಂನ ಹವಳದ ತೊಟ್ಟಿ 38 ಮೀಟರ್ ಉದ್ದ, 17 ಮೀಟರ್ ಅಗಲ ಇತ್ತು. ನೀರು 25 ಲಕ್ಷ ಲೀಟರ್. ಜೀವಂತ ಹವಳದ ತೊಟ್ಟಿಗಳಲ್ಲಿ ಜಗತ್ತಿನಲ್ಲೇ ದೊಡ್ಡದೆಂದು ಹೆಸರಾದದ್ದು. ಅಲ್ಲಿ ನಿಜವಾಗಿ ನೀರು ಸುತ್ತುತ್ತಿದ್ದ ಕ್ರಮ ಬೇರೆ. ನಾನು ಹೇಳುತ್ತಿರುವುದು ಅಳತೆಯ ಲೆಕ್ಕ ಮಾತ್ರ. ಐದು ಸುತ್ತು ಬೇಡ, ಗಂಟೆಗೆ ಒಂದೇ ಒಂದು ಸುತ್ತು ಸಾಕೆಂದರೂ ಸೆಕೆಂಡಿಗೆ ಸುಮಾರು 700 ಲೀಟರ್ ಕೋಡಿ ದಾಟಬೇಕು. ಅಣೆಕಟ್ಟಿನ ಲೆಕ್ಕದಲ್ಲಿ 24 ಕ್ಯೂಸೆಕ್ಸ್‌ಗೂ ಹೆಚ್ಚು. ಅದನ್ನು ಒಂದು ಸೆಂಟಿಮೀಟರ್ ದಪ್ಪದಲ್ಲಿ ದಾಟಿಸಲು ಬೇಕಾದ ಅಂಚಿನ ಉದ್ದ 377 ಮೀಟರ್. ತೊಟ್ಟಿಯ ನಾಲ್ಕೂ ಬದಿಯ ಸುತ್ತಳತೆಯೇ 110 ಮೀಟರ್! ನಾಲ್ಕೂ ಬದಿಯನ್ನು ಕೋಡಿ ಮಾಡಿದರೂ ಮೂರನೇ ಒಂದು ಭಾಗಕ್ಕೆ ಸಾಲದು.

ನಾಲ್ಕು ಸೆಂಟಿಮೀಟರಿನಿಂದ 377 ಮೀಟರಿಗೆ ಹೀಗೆ ಹಾರಲು ಕಾರಣ ಸರಳ. ತೊಟ್ಟಿಯನ್ನು ಎಲ್ಲ ಕಡೆ ಎರಡು ಪಟ್ಟು ಹಿಗ್ಗಿಸಿದರೆ ನೀರು ಎಂಟು ಪಟ್ಟಾಗುತ್ತದೆ, ಅಂಚು ಎರಡೇ ಪಟ್ಟು. ಪ್ರತಿ ಮೀಟರ್ ಅಂಚಿನ ಮೇಲೆ ನಾಲ್ಕು ಪಟ್ಟು ಹೊರೆ. ನೀರಿನ ಹಾಳೆ ಎರಡೂವರೆ ಪಟ್ಟು ದಪ್ಪ. ಆಳ ಹೆಚ್ಚಿಸಿದರಂತೂ ನೀರು ಬೆಳೆಯುತ್ತದೆ, ಅಂಚು ಒಂದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನಲ್ಲಿ 2008ರಿಂದ ಇರುವ, ಫಿಲಿಪೀನ್ಸ್ ಹವಳಗಳ ಎಂಟು ಲಕ್ಷ ಲೀಟರಿನ ತೊಟ್ಟಿ ಏಳೂವರೆ ಮೀಟರ್ ಆಳ ಇದೆ. ಟೌನ್ಸ್‌ವಿಲ್ ಅಳತೆಯ ತೊಟ್ಟಿಯಲ್ಲಿ 38 ಮೀಟರಿನ ಒಂದು ಬದಿಯನ್ನೇ ಪೂರ್ತಿ ಕೋಡಿ ಮಾಡಿದೆವು ಎಂದುಕೊಳ್ಳಿ, ನೀರು ಅದರ ಮೇಲೆ 46 ಮಿಲಿಮೀಟರ್ ನಿಲ್ಲುತ್ತದೆ. ಪಂಪು ನಿಂತ ಕ್ಷಣ ಆ 46 ಮಿಲಿಮೀಟರ್ ನೀರೆಲ್ಲ ಕೆಳಗೆ ಇಳಿಯಬೇಕು: ಸುಮಾರು 30,000 ಲೀಟರ್. ಅಷ್ಟನ್ನು ಹಿಡಿಯುವ ಖಾಲಿ ಜಾಗ ಸದಾ ಕೆಳಗೆ ಕಾದಿರಬೇಕು.

ಇಷ್ಟಕ್ಕೂ ಅಂಚಿನ ಕೊರತೆ ಇಲ್ಲದ ಕಡೆಯೊಂದಿದೆ, ಸಮುದ್ರ. ಹವಳದ ದಿಬ್ಬ ತಾನೇ ಒಂದು ಕೋಡಿ. ಲಕ್ಷದ್ವೀಪವನ್ನು ನೋಡಿ, ಅಮೀನಿ, ಕಡಮತ್ತು, ಕಿಲ್ತಾನ್, ಚೆತ್ಲತ್, ಬಿತ್ರಾಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಹವಳದ ದಿಣ್ಣೆಗೆ ಅಲೆ ಬಡಿದು ಒಡೆಯುತ್ತದೆ, ಒಡೆದ ನೀರು ದಿಣ್ಣೆ ದಾಟಿ ಒಳಗಿನ ತಿಳಿಗೊಳಕ್ಕೆ ಬೀಳುತ್ತದೆ, ಒಳಗಿನ ಮಟ್ಟ ಹೊರಗಿನ ಸಮುದ್ರಕ್ಕಿಂತ ತುಸು ಏರುತ್ತದೆ, ಏರಿದ ನೀರು ದಿಣ್ಣೆಯ ಸಂದಿನ ಕಾಲುವೆಗಳಿಂದ ಹೊರಗೆ ಹೋಗುತ್ತದೆ. ಪಂಪು, ಕೋಡಿ, ಪೈಪು ಮೂರೂ ಅಲ್ಲಿವೆ. ಪಂಪಿನ ಜಾಗದಲ್ಲಿ ಅಲೆ. ಐದು ಕಿಲೋಮೀಟರ್ ಉದ್ದದ ದಿಣ್ಣೆಯ ಮೇಲೆ ಬರೀ ಹತ್ತು ಸೆಂಟಿಮೀಟರ್ ನೀರು ಎಡೆಬಿಡದೆ ಸುರಿಯುತ್ತಿದೆ ಎಂದುಕೊಂಡು ಫ್ರಾನ್ಸಿಸ್ ಸೂತ್ರ ಹಾಕಿದರೆ ಹತ್ತು ಸಾವಿರ ಕ್ಯೂಸೆಕ್ಸ್ ಮೀರುತ್ತದೆ. ನಮ್ಮ ಗಾಜಿನ ಅಂಚಿಗೆ 269 ವರ್ಷ ಹಿಡಿಯುವ ಒಂದು ಟಿಎಂಸಿ, ಅಲ್ಲಿ 27 ಗಂಟೆಯ ಕೆಲಸ. ಹಲವು ಸಾಗರಗಳ ಅಳತೆಗಳನ್ನು ಒಟ್ಟುಮಾಡಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಹವಳದ ದಿಬ್ಬಗಳು ಅಲೆಯ ಶಕ್ತಿಯಲ್ಲಿ ಸರಾಸರಿ ನೂರಕ್ಕೆ 97 ಪಾಲನ್ನು ಹೀರಿಬಿಡುತ್ತವೆ. ದಿಬ್ಬದ ನೆತ್ತಿಯೊಂದೇ 86 ಪಾಲನ್ನು ತಡೆಯುತ್ತದೆ. ಹವಳ ಇಂಥ ನೀರಿಗೆ ಒಗ್ಗಿದ ಜೀವಿ. ಅದನ್ನು ತಂದು ಗಾಜಿನೊಳಗೆ ಇಟ್ಟ ಮೇಲೆ, ನೀರು ಹರಿಸುವ ಹೊಣೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೊರಬೇಕಾಗುತ್ತದೆ.

ಮನೆಯ ತೊಟ್ಟಿಯಲ್ಲಿ ಈ ಮಿಲಿಮೀಟರುಗಳು ಹೇಗೆ ನೆಲಕ್ಕೆ ಚೆಲ್ಲುತ್ತವೆ ಎಂದು ನೋಡಬೇಕು. ಮೂರು ಚದರ ಮೀಟರ್ ಮೇಲ್ಮೈಯಲ್ಲಿ ಒಂದು ಮಿಲಿಮೀಟರ್ ನೀರೆಂದರೆ ಮೂರು ಲೀಟರ್. ಹಲ್ಲಿನ ಪೆಟ್ಟಿಗೆಯ 33 ಮಿಲಿಮೀಟರ್ ಎಂದರೆ 100 ಲೀಟರ್. ಉದ್ದನೆಯ ಕೋಡಿಯ ಏಳು ಮಿಲಿಮೀಟರ್ ಎಂದರೆ 21. ಕರೆಂಟು ಹೋದಾಗ ಇದಿಷ್ಟು ಸಂಪಿಗೆ ಇಳಿಯುತ್ತದೆ. ಇದರ ಜೊತೆಗೆ ಇನ್ನೊಂದು ಇದೆ, ಬಹಳ ಜನ ಮರೆಯುವಂಥದ್ದು. ಪಂಪಿನಿಂದ ಮೇಲೆ ಬರುವ ಪೈಪಿನ ಬಾಯಿ ಕೋಡಿಯ ಅಂಚಿಗಿಂತ ಐದು ಸೆಂಟಿಮೀಟರ್ ಕೆಳಗೆ ಮುಳುಗಿದ್ದರೆ, ಪಂಪು ನಿಂತಾಗ ಅದು ತಿರುಗುಮುರುಗಾಗಿ ನೀರನ್ನು ಕೆಳಗೆ ಎಳೆಯಲು ತೊಡಗುತ್ತದೆ, ಬಾಯಿಗೆ ಗಾಳಿ ತಾಗುವವರೆಗೂ ನಿಲ್ಲುವುದಿಲ್ಲ. ಐದು ಸೆಂಟಿಮೀಟರ್ ಅಂದರೆ 150 ಲೀಟರ್. ಕೋಡಿಯಲ್ಲಿ ಉಳಿಸಿದ್ದನ್ನೆಲ್ಲ ಒಂದು ಮೊಳ ಪೈಪು ಕಳೆಯಬಲ್ಲದು. ಬಾಯಿಯನ್ನು ಒಂದು ಸೆಂಟಿಮೀಟರ್ ಆಳಕ್ಕೆ ಎತ್ತಿಟ್ಟರೆ 30 ಲೀಟರಿಗೆ ಮುಗಿಯುತ್ತದೆ. ಸಂಪಿನಲ್ಲಿ 200 ಲೀಟರ್ ಖಾಲಿ ಜಾಗ ಬಿಟ್ಟವರ ಮನೆಯಲ್ಲಿ ಮೊದಲ ಲೆಕ್ಕದಂತೆ 250 ಲೀಟರ್ ಇಳಿದರೆ 50 ಲೀಟರ್ ನೆಲದ ಮೇಲೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒರೆಸಿ ಒಣಗಿಸಿದ ಮೇಲೂ ಒಂದೂಮುಕ್ಕಾಲು ಕಿಲೋ ಉಪ್ಪಿನ ಲೆಕ್ಕ ಬಾಕಿ ಇರುತ್ತದೆ, ಮರದ ನೆಲದ ಸಂದಿಯಲ್ಲಿ, ಕಬ್ಬಿಣದ ಕಾಲುಗಳ ಬುಡದಲ್ಲಿ.

ಉದ್ದನೆಯ ಕೋಡಿಗೂ ಅದರದೇ ಕಷ್ಟ ಇದೆ. ಮೂರು ಮೀಟರ್ ಉದ್ದಕ್ಕೆ ಏಳು ಮಿಲಿಮೀಟರ್ ನೀರು ಹರಿಯುವಾಗ ತೊಟ್ಟಿಯ ಒಂದು ತುದಿ ಇನ್ನೊಂದಕ್ಕಿಂತ ಹತ್ತೇ ಮಿಲಿಮೀಟರ್ ಎತ್ತರವಾದರೂ ಆ ಕಡೆಯ ಅಂಚು ಹೆಚ್ಚುಕಡಿಮೆ ಒಣಗಿ ನಿಲ್ಲುತ್ತದೆ, ನೀರು ಬಹುಪಾಲು ಈ ಕಡೆಗೆ ನುಗ್ಗುತ್ತದೆ. ಓರೆ ಎಷ್ಟು? ಒಂದು ಡಿಗ್ರಿಯ ಐದನೇ ಒಂದು ಪಾಲಿಗಿಂತ ಕಡಿಮೆ. ಕಣ್ಣಿಗೆ ಕಾಣುವಂಥದ್ದಲ್ಲ. ಎರಡೂವರೆ ಟನ್ ಭಾರ ಕೂತ ಮೇಲೆ ಮರದ ನೆಲ ಅಷ್ಟು ಬಗ್ಗುವುದು ದೊಡ್ಡ ಮಾತಲ್ಲ. ಆದ್ದರಿಂದ ಖಾಲಿ ತೊಟ್ಟಿಗೆ ಮಟ್ಟಗೋಲು ಇಟ್ಟು ನೋಡಿದರೆ ಸಾಲದು. ತುಂಬಿಸಿ, ಕೆಲವು ದಿನ ಕೂರಲು ಬಿಟ್ಟು, ಮತ್ತೆ ನೋಡಬೇಕು. ನೀರಿಗಿಂತ ನಿಷ್ಠುರವಾದ ಮಟ್ಟಗೋಲು ಇಲ್ಲ.

ಇಲ್ಲಿಯವರೆಗೆ ಅಂಚಿನ ಮಾತಾಯಿತು. ಪೆಟ್ಟಿಗೆಗೆ ಬಿದ್ದ ನೀರನ್ನು ಕೆಳಗೆ ಇಳಿಸುವ ಪೈಪಿನ ಕಥೆ ಇನ್ನೂ ರೋಚಕ. ಪೈಪಿನಲ್ಲಿ ನೀರು ಎರಡು ಬಗೆಯಲ್ಲಿ ಇಳಿಯುತ್ತದೆ. ಬಾಯಿ ತೆರೆದ ಪೈಪಾದರೆ ನೀರು ಗೋಡೆಗೆ ಅಂಟಿ ಸುತ್ತಲೂ ಜಾರುತ್ತದೆ, ನಡುವೆ ಗಾಳಿಯ ಕಂಬ. ಬಹುಮಹಡಿ ಕಟ್ಟಡಗಳ ಒಳಚರಂಡಿ ಪೈಪುಗಳು ಕೆಲಸ ಮಾಡುವುದು ಹೀಗೆಯೇ. ಅಲ್ಲಿ ಪೈಪಿನ ಒಳಗಿನ ಜಾಗದ ಮೂರನೇ ಒಂದಕ್ಕಿಂತಲೂ ಕಡಿಮೆ, 24ರಲ್ಲಿ 7 ಪಾಲನ್ನು ಮಾತ್ರ ನೀರಿಗೆಂದು ಲೆಕ್ಕ ಹಿಡಿಯುವ ರೂಢಿ ಇದೆ. ಆ ಲೆಕ್ಕದಲ್ಲಿ ಎರಡಿಂಚು ಪೈಪು ಗಂಟೆಗೆ 5,000 ಲೀಟರ್ ಚಿಲ್ಲರೆ ಇಳಿಸುತ್ತದೆ, ಅದೂ ಗಳಗಳ ಸದ್ದು ಮಾಡುತ್ತ. ಅದೇ ಪೈಪಿನ ಬಾಯಿಯನ್ನು ನೀರಿನೊಳಗೆ ಮುಳುಗಿಸಿ, ಗಾಳಿಯನ್ನು ಪೂರ್ತಿ ಹೊರಗೆ ಹಾಕಿದರೆ ಅದು ಸೈಫನ್ ಆಗುತ್ತದೆ. ಒಂದು ಮೀಟರ್ ಎತ್ತರದ ತುಂಬಿದ ನೀರಿನ ಕಂಬ ಕೆಳಕ್ಕೆ ಎಳೆಯತೊಡಗುತ್ತದೆ. ಎಲ್ಬೋಗಳ ಅಡ್ಡಿ, ಪೈಪಿನ ಉಜ್ಜಾಟ ಎಲ್ಲ ಕಳೆದರೂ ಗಂಟೆಗೆ ಸುಮಾರು 17,000 ಲೀಟರ್. ಮೂರು ಪಟ್ಟಿಗಿಂತ ಹೆಚ್ಚು, ಮತ್ತು ನಿಶ್ಶಬ್ದ.

ಇದೇ ತತ್ವವನ್ನು ಮೈಸೂರು ಸೀಮೆಯ ಎಂಜಿನಿಯರುಗಳು ನದಿಗೆ ಹಾಕಿದ್ದರು ಎಂಬುದು ನನಗೆ ಪ್ರತಿ ಸಲ ರೋಮಾಂಚನ ತರುವ ಸಂಗತಿ. ವಿ. ಗಣೇಶ ಅಯ್ಯರ್ ರೂಪಿಸಿದ ವೊಲ್ಯೂಟ್ ಸೈಫನ್ ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿದೆ, ಮಡೆನೂರು ಅಣೆಕಟ್ಟು ಎಂದು ಜನ ಕರೆಯುವುದು ಅದನ್ನೇ. ಆಲಿಕೆಯಾಕಾರದ ಕಾಂಕ್ರೀಟಿನ ಬಾಯಿ, ಅದರ ಮೇಲೊಂದು ಗುಮ್ಮಟ, ಒಳಗೆ ಸುರುಳಿ ಸುರುಳಿಯಾದ ರೆಕ್ಕೆಗಳು. ಜಲಾಶಯ ತುಂಬಿ ನೀರು ಬಾಯಿ ದಾಟಿದಾಗ ರೆಕ್ಕೆಗಳು ಅದನ್ನು ಸುಳಿಯಾಗಿ ತಿರುಗಿಸುತ್ತವೆ, ಸುಳಿ ಒಳಗಿನ ಗಾಳಿಯನ್ನು ಹೊತ್ತೊಯ್ಯುತ್ತದೆ, ಸೈಫನ್ ತಾನಾಗಿ ಹಿಡಿಯುತ್ತದೆ. ಗೇಟು ಎತ್ತಲು ಯಾರೂ ಬೇಡ. 1964ರಲ್ಲಿ ಲಿಂಗನಮಕ್ಕಿ ಮುಗಿದ ಮೇಲೆ ಆ ಅಣೆಕಟ್ಟೇ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮೇಲೆ ಬರುತ್ತದೆ. ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ಅಂಥದೇ ಸ್ವಯಂಚಾಲಿತ ಸೈಫನ್ ಇಂದಿಗೂ ನೋಡಲು ಸಿಗುತ್ತದೆ.

ಸೈಫನ್ ಬಲಶಾಲಿ, ಆದರೆ ಅದಕ್ಕೆ ಒಂದು ದೋಷ ಇದೆ, ಮತ್ತು ತೊಟ್ಟಿಯ ಕೊಳಾಯಿ ವಿನ್ಯಾಸವೆಲ್ಲ ಆ ದೋಷವನ್ನು ಸುತ್ತಿಕೊಂಡೇ ಬೆಳೆದಿದೆ. ನಮಗೆ ಬೇಕಾದದ್ದು 12,000 ಲೀಟರ್. ಪೈಪು ಎಳೆಯುವುದು 17,000. ಹೆಚ್ಚು ಎಳೆದರೆ ಪೆಟ್ಟಿಗೆ ಬರಿದಾಗಿ ಗಾಳಿ ಹೊಕ್ಕು ಸದ್ದು. ಆದ್ದರಿಂದ ಕೆಳಗೆ ಒಂದು ಗೇಟ್ ವಾಲ್ವ್ ಹಾಕಿ ಸರಿಯಾಗಿ 12,000ಕ್ಕೆ ಬಿಗಿ ಮಾಡುತ್ತಾರೆ. ಮಾರನೆಯ ದಿನ ಪಂಪು ನೂರಕ್ಕೆ ಎರಡರಷ್ಟು ಹೆಚ್ಚು ತಳ್ಳಿತು ಅನ್ನಿ, ಗಂಟೆಗೆ 240 ಲೀಟರ್ ಅಷ್ಟೇ. ಸೈಫನ್ನಿನ ಹರಿವು ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಎರಡು ಪಾಲು ಹೆಚ್ಚು ಇಳಿಸಬೇಕಾದರೆ ಎತ್ತರ ನಾಲ್ಕು ಪಾಲು ಹೆಚ್ಚಬೇಕು. ಒಂದು ಮೀಟರಿನಲ್ಲಿ ನಾಲ್ಕು ಸೆಂಟಿಮೀಟರ್! ಪೆಟ್ಟಿಗೆಯ ನೀರು ಅಷ್ಟು ಏರಿಳಿಯುತ್ತ ಎಂದೂ ನೆಲೆಗೊಳ್ಳುವುದಿಲ್ಲ. ಈಗ ಪಕ್ಕದಲ್ಲಿ ಎರಡನೆಯ ಪೈಪು ನಿಲ್ಲಿಸಿ, ಅದರ ಬಾಯಿ ತೆರೆದೇ ಇರಲಿ, ನೀರಿನ ಮಟ್ಟಕ್ಕೆ ಸರಿಯಾಗಿ. ಎರಡಿಂಚು ಪೈಪಿನ ದುಂಡನೆಯ ಬಾಯಿ ತಾನೇ 16 ಸೆಂಟಿಮೀಟರ್ ಉದ್ದದ ಒಂದು ಕೋಡಿ. ಅದೇ 240 ಲೀಟರ್ ಅದರ ಮೇಲೆ ಹರಿಯಲು ನೀರು ನಾಲ್ಕು ಮಿಲಿಮೀಟರ್ ಏರಿದರೆ ಸಾಕು. ನಾಲ್ಕು ಸೆಂಟಿಮೀಟರ್ ಹೋಗಿ ನಾಲ್ಕು ಮಿಲಿಮೀಟರ್. ಬಲಕ್ಕೆ ಸೈಫನ್, ಹದಕ್ಕೆ ಕೋಡಿ. ಇಷ್ಟು ಚೆಂದದ ಜೋಡಿಯನ್ನು ರೂಪಿಸಿದವರು ಯಾವ ಪ್ರಯೋಗಾಲಯದವರೂ ಅಲ್ಲ, ಮನೆಯಲ್ಲಿ ಹವಳ ಸಾಕುತ್ತಿದ್ದ ಹವ್ಯಾಸಿಗಳು.

ಮೂರನೆಯ ಪೈಪೂ ಇರಬೇಕು. ಅದು ಒಣಗಿಯೇ ನಿಂತಿರುತ್ತದೆ, ಬಾಯಿ ಉಳಿದೆರಡಕ್ಕಿಂತ ಎತ್ತರದಲ್ಲಿ. ಅದನ್ನು ದಂಡದ ಖರ್ಚು ಎನ್ನುವವರಿಗೆ ಸೆಕೆಂಡುಗಳ ಲೆಕ್ಕ ತೋರಿಸಬೇಕು. ಸೈಫನ್ನಿನ ಬಾಯಿಗೆ ಒಂದು ಬಸವನಹುಳು ಸಿಕ್ಕಿಕೊಂಡು ಪೈಪು ಮುಚ್ಚಿತು, ಬೇರೆ ದಾರಿ ಇಲ್ಲ. ಪೆಟ್ಟಿಗೆ 60 ಸೆಂಟಿಮೀಟರ್ ಉದ್ದ, 20 ಅಗಲದ್ದು, ಮೇಲೆ ಹತ್ತು ಸೆಂಟಿಮೀಟರ್ ಖಾಲಿ ಎಂದರೆ ಉಳಿದಿರುವ ಜಾಗ 12 ಲೀಟರ್. ನಾಲ್ಕು ಸೆಕೆಂಡು ತುಂಬುವ ಮೊದಲೇ ಮುಗಿಯಿತು. ಆಮೇಲೆ ತೊಟ್ಟಿಯ ನೀರು ಸೆಕೆಂಡಿಗೆ ಒಂದು ಮಿಲಿಮೀಟರಿಗೂ ತುಸು ಹೆಚ್ಚಾಗಿ ಏರತೊಡಗುತ್ತದೆ. ಗಾಜಿನ ಕಂಠಕ್ಕೆ ನಾಲ್ಕು ಸೆಂಟಿಮೀಟರ್ ಬಿಟ್ಟಿದ್ದರೆ 36 ಸೆಕೆಂಡು. ಒಟ್ಟು 40 ಸೆಕೆಂಡಿನಲ್ಲಿ, ಪಕ್ಕದ ಕೋಣೆಯಿಂದ ಎದ್ದು ಬರುವಷ್ಟರಲ್ಲಿ, ನೀರು ನೆಲದ ಮೇಲಿರುತ್ತದೆ. ವರ್ಷಕ್ಕೆ ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡುಗಳಿವೆ. ಅವುಗಳಲ್ಲಿ ಯಾವ ನಲವತ್ತು ಎಂದು ಹೇಳುವವರಿಲ್ಲ.

ಮೂರು ಪೈಪುಗಳೂ ಕೈಕೊಟ್ಟರೆ? ಆಗ ಕಾಯುವುದು ಸಂಪಿನಲ್ಲಿ ಪಂಪು ಕೂತಿರುವ ಕೋಣೆಯ ಅಳತೆ. ಕೋಣೆಯಲ್ಲಿ ನೂರು ಲೀಟರ್ ಮಾತ್ರ ಇದ್ದರೆ ಪಂಪು ಮೇಲೆ ಕಳಿಸಬಲ್ಲದ್ದೂ ನೂರೇ ಲೀಟರ್. ಪೆಟ್ಟಿಗೆಯ ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ತೊಟ್ಟಿಯ ಮಟ್ಟ 33 ಮಿಲಿಮೀಟರ್ ಏರಿ, ಕಂಠಕ್ಕೆ ಏಳು ಮಿಲಿಮೀಟರ್ ಇರುವಾಗ ಪಂಪು ಒಣಗಿ ನಿಲ್ಲುತ್ತದೆ. ಪಂಪು ಸುಟ್ಟರೂ ಮನೆ ಉಳಿಯಿತು. ಈ ಕೋಣೆಗೆ ಇನ್ನೊಂದು ಗುಣವಿದೆ. ಕೋಡಿ ಇರುವ ತೊಟ್ಟಿಯಲ್ಲಿ ನೀರು ಆರಿದರೂ ಮೇಲಿನ ಮಟ್ಟ ಕದಲುವುದಿಲ್ಲ, ಕೋಡಿ ಅದನ್ನು ಕಟ್ಟಿಹಾಕಿರುತ್ತದೆ. ದಿನಕ್ಕೆ ನಾಲ್ಕು ಮಿಲಿಮೀಟರ್ ಆರಿದರೆ 12 ಲೀಟರ್, ಮತ್ತು ಆ ಕೊರತೆಯಷ್ಟೂ ಕೆಳಗಿನ ಕೋಣೆಯಲ್ಲಿ ಕಾಣುತ್ತದೆ. ಕೋಣೆಯ ತಳ ಕಾಲು ಚದರ ಮೀಟರ್ ಆದರೆ ಅಲ್ಲಿ ನೀರು ದಿನಕ್ಕೆ 48 ಮಿಲಿಮೀಟರ್ ಇಳಿಯುತ್ತದೆ. ಉಪ್ಪು ಆರುವುದಿಲ್ಲ, ನೀರು ಮಾತ್ರ ಆರುತ್ತದೆ; ಆದ್ದರಿಂದ ಸಿಹಿನೀರನ್ನು ಮರಳಿ ತುಂಬಬೇಕು. ಆ ಕೆಲಸಕ್ಕೆ ತಾನಾಗಿ ನೀರು ತುಂಬುವ ಯಂತ್ರ ಇಡುತ್ತಾರೆ. ಕೋಣೆಯ ಮಟ್ಟ ಇಳಿದರೆ ಅದು ಪಕ್ಕದ ಡ್ರಮ್ಮಿನಿಂದ ನೀರು ಬಿಡುತ್ತದೆ.

ಇಲ್ಲಿಯೇ ಎಲ್ಲ ಲೆಕ್ಕವೂ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಪೈಪು ಮುಚ್ಚಿ ಕೋಣೆ ಬರಿದಾದಾಗ ಯಂತ್ರಕ್ಕೆ ಕಾರಣ ಗೊತ್ತಿಲ್ಲ. ನೀರು ಆರಿದೆ ಎಂದುಕೊಂಡು ಅದು ಡ್ರಮ್ಮಿನ 60 ಲೀಟರನ್ನೂ ಸುರಿಯುತ್ತದೆ, ಪಂಪು ಅದನ್ನೂ ಮೇಲೆ ಕಳಿಸುತ್ತದೆ. ನೂರು ಮತ್ತು ಅರವತ್ತು, ನೂರಾ ಅರವತ್ತು. ತೊಟ್ಟಿಯ ಕಂಠದ ಜಾಗ ಹಿಡಿಯುವುದು 120. ಉಳಿದ 40 ಲೀಟರ್ ನೆಲಕ್ಕೆ. ಡ್ರಮ್ಮಿನಲ್ಲಿ 20 ಲೀಟರ್ ಇದ್ದಿದ್ದರೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ದೊಡ್ಡ ಡ್ರಮ್ಮೇ ಬೇಕೆನ್ನುವವರು ಗಾಜಿನ ಕಂಠವನ್ನು 14 ಮಿಲಿಮೀಟರ್ ಎತ್ತರಿಸಿ ಕಟ್ಟಿಸಬೇಕು. ತೊಟ್ಟಿ ಸಿದ್ಧವಾದ ದಿನ, ಹವಳ ಇಳಿಸುವ ಮೊದಲು, ಮೂರು ಪೈಪುಗಳನ್ನೂ ಕೈಯಾರೆ ಮುಚ್ಚಿ, ಪಂಪು ಓಡಿಸಿ, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಗಾಜಿನ ಮೇಲೆ ಒಂದು ಗೆರೆ ಎಳೆದಿಟ್ಟುಕೊಳ್ಳಬೇಕು.